ಇಟಲಿಗೆ ಫ್ಯಾಮಿಲಿ ಟ್ರಿಪ್: ಪ್ಲ್ಯಾನ್ ಮಾಡೋದು ನೀವೇ ಆದ್ರೆ ಇದನ್ನ ಓದಿ

ಇಂಜಿನಿಯರಿಂಗ್ ಸೇರಿದ ಮೇಲೆ ಮನೇಲಿ ಎರಡು ಕೆಲಸ ನಮ್ಮ ಪಾಲಿಗೆ ಬರುತ್ತೆ. ಒಂದು, ವೈಫೈ ರಿಪೇರಿ. ಇನ್ನೊಂದು, ಎಲ್ಲಿಗಾದ್ರೂ ಹೋಗೋದಾದ್ರೆ ಬುಕಿಂಗ್. ಹೋದ ಜೂನ್‌ನಲ್ಲಿ ನಾವು ಎಂಟು ರಾತ್ರಿ ಇಟಲಿಗೆ ಹೋಗಿದ್ವಿ. ಅಪ್ಪ, ಅಮ್ಮ, 72 ವರ್ಷದ ಅಜ್ಜಿ, 14 ವರ್ಷದ ತಮ್ಮ ಮತ್ತೆ ನಾನು. ಅಪ್ಪ ಎಷ್ಟೋ ವರ್ಷದಿಂದ ಇದಕ್ಕೆ ಅಂತಾನೇ ದುಡ್ಡು ಕೂಡಿಟ್ಟಿದ್ರು. "ನಂಗೆ ಇದೆಲ್ಲ ಗೊತ್ತಾಗಲ್ಲ, ನೀನೇ ನೋಡ್ಕೋ" ಅಂತ ಪೂರ್ತಿ ನನ್ನ ಕೈಗೆ ಕೊಟ್ಟುಬಿಟ್ರು.

ನಾನು ಎಕ್ಸೆಲ್ ಶೀಟ್ ಮಾಡಿದೆ. ತುಂಬಾ ಚೆನ್ನಾಗಿತ್ತು. ಅದರಲ್ಲಿ ಎರಡು ದೊಡ್ಡ ತಪ್ಪೂ ಇತ್ತು. ನಿಮ್ಮ ಮನೆಯವರೂ ಮುಂದೆ ಯಾವತ್ತಾದ್ರೂ "ಯುರೋಪ್ ನೋಡ್ಬೇಕು" ಅಂದ್ರೆ ಆ ತಪ್ಪು ನೀವು ಮಾಡ್ಬಾರ್ದು ಅಂತ ಇದನ್ನ ಬರೀತಿದ್ದೀನಿ.

ವೀಸಾ

ಇಟಲಿಗೆ ಬೇಕಾಗಿರೋದು ಷೆಂಗೆನ್ ವೀಸಾ. ಒಂದೇ ವೀಸಾದಲ್ಲಿ 29 ದೇಶ ಓಡಾಡಬಹುದು. ಯಾವ ದೇಶದಲ್ಲಿ ಹೆಚ್ಚು ದಿನ ಇರ್ತೀರೋ ಆ ದೇಶದ ಮೂಲಕ ಅರ್ಜಿ ಹಾಕ್ಬೇಕು. ಎಲ್ಲಾ ಕಡೆ ಸಮ ದಿನ ಇದ್ರೆ ಮೊದಲು ಇಳಿಯೋ ದೇಶ. ಫೀಸು ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ನಮ್ಮ ತಮ್ಮನಿಗೆ 14 ಆದ್ದರಿಂದ ಅವನೂ "ದೊಡ್ಡವನೇ". ವೀಸಾ ಸೆಂಟರ್‌ನ ಸರ್ವಿಸ್ ಚಾರ್ಜ್ ಇದರ ಮೇಲೆ ಬೇರೆ.

ಪ್ರಯಾಣಕ್ಕೆ 6 ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ರಜದ ಸೀಸನ್‌ನಲ್ಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಹಾಗಾಗಿ ಜೂನ್ ಟ್ರಿಪ್‌ಗೆ ಫೆಬ್ರವರಿಯಲ್ಲೇ ಶುರು ಮಾಡಿ. ಬೆರಳಚ್ಚು ಕೊಡೋಕೆ ಎಲ್ಲರೂ ಖುದ್ದಾಗಿ ಹೋಗ್ಬೇಕು. ನಮ್ಮ ಮನೆಯವರು ಅದಕ್ಕೇ ದಾವಣಗೆರೆಯಿಂದ ಬೆಂಗಳೂರಿಗೆ ಬಂದ್ರು. ಕನಿಷ್ಠ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಪಾಸ್‌ಪೋರ್ಟ್ ಅಲ್ಲಿಂದ ವಾಪಸ್ ಹೊರಡೋ ದಿನದಿಂದ ಇನ್ನೂ 3 ತಿಂಗಳು ಚಾಲ್ತಿಯಲ್ಲಿರಬೇಕು. ನಿಮ್ಮ ಲೆಕ್ಕಕ್ಕೆ ಕಾಲೇಜಿನಿಂದ ಬೋನಾಫೈಡ್ ಬೇಕು. ಅದಕ್ಕೆ ಆಫೀಸಲ್ಲಿ ಎಷ್ಟು ದಿನ ಆಗುತ್ತೆ ಅಂತ ನಿಮಗೇ ಗೊತ್ತು.

ಫ್ಲೈಟ್ ಬುಕ್ ಮಾಡುವಾಗ ಒಂದು ವಿಷಯ ಗಮನಿಸಿ. ನೀವು ಫ್ರಾಂಕ್‌ಫರ್ಟ್ ಮೇಲೆ ರೋಮ್‌ಗೆ ಹೋದ್ರೆ ಇಮಿಗ್ರೇಶನ್ ಆಗೋದು ಫ್ರಾಂಕ್‌ಫರ್ಟ್‌ನಲ್ಲೇ, ರೋಮ್‌ನಲ್ಲಲ್ಲ. ಆ ಕ್ಯೂ ಉದ್ದ ಇರುತ್ತೆ, ಒಂದು ಗಂಟೆಯ ಕನೆಕ್ಷನ್ ನಂಬಬೇಡಿ. ಅಜ್ಜಿ ತಾತ ಇದ್ರೆ ಏರ್‌ಲೈನ್‌ಗೆ ಕನಿಷ್ಠ 48 ಗಂಟೆ ಮುಂಚೆ ಹೇಳಿ ವೀಲ್‌ಚೇರ್ ಕೇಳಿ. ಅದಕ್ಕೆ ದುಡ್ಡಿಲ್ಲ.

ಮೊದಲನೇ ತಪ್ಪು: ಒಂದು ದಿನಕ್ಕೆ ಒಂಬತ್ತು ಜಾಗ

ರೋಮ್‌ನಲ್ಲಿ ಮೊದಲನೇ ದಿನಕ್ಕೆ ನನ್ನ ಶೀಟಲ್ಲಿ ಇದ್ದಿದ್ದು: ಕೊಲೋಸಿಯಂ, ರೋಮನ್ ಫೋರಂ, ಪ್ಯಾಲಟೈನ್ ಗುಡ್ಡ, ಪಿಯಾತ್ಸಾ ವೆನೆತ್ಸಿಯಾ, ಪ್ಯಾಂಥಿಯನ್, ಪಿಯಾತ್ಸಾ ನವೋನಾ, ಟ್ರೆವಿ ಕಾರಂಜಿ, ಸ್ಪ್ಯಾನಿಷ್ ಮೆಟ್ಟಿಲು, ಆಮೇಲೆ ಒಂದು ವ್ಯೂ ಪಾಯಿಂಟ್. ಮ್ಯಾಪಲ್ಲಿ ನೋಡಿದ್ರೆ ಎಲ್ಲಾ ಹತ್ತಿರ ಹತ್ತಿರ. "15 ನಿಮಿಷ ನಡಿಗೆ" ಅಂತ ತೋರಿಸುತ್ತೆ.

ಆ 15 ನಿಮಿಷ ನಮ್ಮಂಥವರಿಗೆ. ರೋಮ್‌ನ ಹಳೇ ರಸ್ತೆಗಳಿಗೆ ಚಿಕ್ಕ ಚಿಕ್ಕ ಕಪ್ಪು ಕಲ್ಲು ಹಾಸಿದ್ದಾರೆ, ಸಾಂಪಿಯೆತ್ರಿನಿ ಅಂತಾರೆ. ನೋಡೋಕೆ ಚೆಂದ, ಆದ್ರೆ ಮಟ್ಟಸವಾಗಿರಲ್ಲ. ಮಂಡಿ ನೋವಿರೋರಿಗೆ ಪ್ರತಿ ಹೆಜ್ಜೆಯೂ ಗೊತ್ತಾಗುತ್ತೆ. ಮೇಲೆ ಜೂನ್ ಬಿಸಿಲು. ಫೋರಂ ಒಳಗಂತೂ ನೆರಳೇ ಕಡಿಮೆ. ಸಂಜೆ ನನ್ನ ಫೋನ್ 22,000 ಹೆಜ್ಜೆ ಅಂತ ತೋರಿಸ್ತು. ನಾನು ಖುಷಿಯಾಗಿ ಎಲ್ಲರಿಗೂ ಸ್ಕ್ರೀನ್ ತೋರಿಸಿದೆ.

ಅಜ್ಜಿ ದಿನವಿಡೀ ಒಂದು ಮಾತೂ ಹೇಳಿರಲಿಲ್ಲ. ರಾತ್ರಿ ನೀರು ಕುಡಿಯೋಕೆ ಎದ್ದಾಗ ನೋಡ್ತೀನಿ, ಕತ್ತಲಲ್ಲಿ ಕೂತ್ಕೊಂಡು ಮಂಡಿಗೆ ಅಮೃತಾಂಜನ ಹಚ್ಕೊಳ್ತಿದ್ದಾರೆ. ಮಂಡಿ ಊದಿತ್ತು. "ಯಾಕಜ್ಜಿ ಹೇಳ್ಲಿಲ್ಲ?" ಅಂದ್ರೆ "ನೀನು ಅಷ್ಟು ಕಷ್ಟಪಟ್ಟು ಬರೆದಿದ್ದೀಯಲ್ಲೋ, ನನ್ನಿಂದ ಯಾಕೆ ಕೆಡ್ಬೇಕು" ಅಂದ್ರು. ನಂಗೆ ಆ ಶೀಟ್ ಡಿಲೀಟ್ ಮಾಡ್ಬಿಡೋಣ ಅನ್ನಿಸ್ತು.

ನಾವು ಪೈಪ್‌ಲೈನ್ ಪಾಠದಲ್ಲಿ ಓದಿದ್ದೀವಿ, ಅತಿ ನಿಧಾನದ ಸ್ಟೇಜ್ ಎಷ್ಟು ಸಮಯ ತಗೊಳ್ಳುತ್ತೋ ಕ್ಲಾಕ್ ಅದಕ್ಕೆ ತಕ್ಕ ಹಾಗೆ ಇರಬೇಕು. ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ, ಮನೆಯವರ ವಿಷಯದಲ್ಲಿ ನೆನಪಾಗ್ಲಿಲ್ಲ. ಫ್ಯಾಮಿಲಿ ಟ್ರಿಪ್‌ನ ನಿಯಮ ಇಷ್ಟೇ: ದಿನಕ್ಕೆ ಒಂದು ದೊಡ್ಡ ಜಾಗ, ಬೆಳಿಗ್ಗೆ. ಮಧ್ಯಾಹ್ನ ರೂಮಿಗೆ ವಾಪಸ್, ಊಟ, ನಿದ್ದೆ. ಸಂಜೆ 6ರ ಮೇಲೆ ಹತ್ತಿರದ ಒಂದು ಚಿಕ್ಕ ಜಾಗ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗೋದೇ ರಾತ್ರಿ 8:45ರ ಸುಮಾರಿಗೆ, ಹಾಗಾಗಿ ಏನೂ ನಷ್ಟ ಇಲ್ಲ.

ಇನ್ನು ಮೆಟ್ಟಿಲು. ಮೊದಲೇ ಸಂಖ್ಯೆ ನೋಡ್ಕೊಳ್ಳಿ. ಸೇಂಟ್ ಪೀಟರ್ಸ್ ಗುಮ್ಮಟಕ್ಕೆ 551 ಮೆಟ್ಟಿಲು. ಲಿಫ್ಟ್ ಟಿಕೆಟ್ ತಗೊಂಡ್ರೂ ಇನ್ನೂ 320 ಹತ್ತಬೇಕು. ಫ್ಲಾರೆನ್ಸ್‌ನ ದೊಡ್ಡ ಚರ್ಚಿನ ಗುಮ್ಮಟಕ್ಕೆ 463, ಅಲ್ಲಿ ಲಿಫ್ಟೇ ಇಲ್ಲ. ಕೊಲೋಸಿಯಂನಲ್ಲಿ ಲಿಫ್ಟ್ ಇದೆ, ಕೇಳಿದ್ರೆ ತೋರಿಸ್ತಾರೆ. ರೂಮ್ ಬುಕ್ ಮಾಡುವಾಗಲೂ ಲಿಫ್ಟ್ ಇದೆಯಾ ಅಂತ ನೋಡಿ. ಹಳೇ ಕಟ್ಟಡಗಳಲ್ಲಿ ಎಷ್ಟೋ ಕಡೆ ಇರಲ್ಲ.

ಎರಡನೇ ದಿನ ವ್ಯಾಟಿಕನ್ ಮ್ಯೂಸಿಯಂನಲ್ಲಿ ಅಜ್ಜಿಗೆ ವೀಲ್‌ಚೇರ್ ಕೇಳಿದ್ವಿ. ಅಲ್ಲಿ ಉಚಿತವಾಗಿ ಕೊಡ್ತಾರೆ. "ನಂಗೇನಾಗಿದೆ ಅಂತ ಗಾಡೀಲಿ ಕೂರ್ಲಿ?" ಅಂತ ಮೊದಲು ಜಗಳ ಮಾಡಿದ್ರು. ಆಮೇಲೆ ಸಿಸ್ಟೀನ್ ಚಾಪೆಲ್‌ನಲ್ಲಿ ಮೈಕೆಲೇಂಜೆಲೊ 1508ರಿಂದ 1512ರವರೆಗೆ ಬಿಡಿಸಿದ ಚಾವಣಿಯನ್ನ ನಾವೆಲ್ಲ ಕುತ್ತಿಗೆ ನೋಯಿಸ್ಕೊಂಡು ನಿಂತು ನೋಡ್ತಿದ್ರೆ, ಅಜ್ಜಿ ಮಹಾರಾಣಿ ಥರ ಒರಗಿಕೊಂಡು ನೋಡಿದ್ರು.

ಎರಡನೇ ತಪ್ಪು: ಸೋಮವಾರ

ಅಮ್ಮ ಹೈಸ್ಕೂಲಲ್ಲಿ ಡ್ರಾಯಿಂಗ್ ಟೀಚರ್. ಮೈಕೆಲೇಂಜೆಲೊನ ಡೇವಿಡ್ ವಿಗ್ರಹದ ಫೋಟೋವನ್ನ ಎಷ್ಟೋ ಬ್ಯಾಚ್ ಮಕ್ಕಳಿಗೆ ತೋರಿಸಿದ್ದಾರೆ. ಅದು ಇರೋದು ಫ್ಲಾರೆನ್ಸ್‌ನ ಅಕಾಡೆಮಿಯಾ ಗ್ಯಾಲರಿಯಲ್ಲಿ. ನಾವು ಭಾನುವಾರ ಸಂಜೆ ಫ್ಲಾರೆನ್ಸ್ ತಲುಪಿ ಮಂಗಳವಾರ ಮಧ್ಯಾಹ್ನ ಹೊರಡೋ ಹಾಗೆ ನಾನು ರೈಲು ಬುಕ್ ಮಾಡಿದ್ದೆ. ಸೋಮವಾರ ಅಕಾಡೆಮಿಯಾಗೂ ರಜ, ಉಫಿಟ್ಸಿಗೂ ರಜ. ಸೈಟಲ್ಲಿ ಸೋಮವಾರ ಸ್ಲಾಟ್ ಇಲ್ಲ ಅಂತ ಬಂದಾಗ "ಫುಲ್ ಆಗಿರಬೇಕು, ಅಲ್ಲೇ ಹೋಗಿ ಕ್ಯೂ ನಿಲ್ಲೋಣ" ಅಂದ್ಕೊಂಡಿದ್ದೆ. ಅಲ್ಲಿ ಹೋದಾಗ ಗೇಟ್ ಮುಚ್ಚಿತ್ತು. ಮಂಗಳವಾರ ಬೆಳಗಿನ ಸ್ಲಾಟ್ ಅಷ್ಟರಲ್ಲಿ ಖಾಲಿ.

ಅಮ್ಮ ಪಿಯಾತ್ಸಾ ದೆಲ್ಲಾ ಸಿನ್ಯೋರಿಯಾ ಚೌಕದಲ್ಲಿ ಇಟ್ಟಿರೋ ಪ್ರತಿಕೃತಿಯನ್ನ ನೋಡಿದ್ರು. "ಪರವಾಗಿಲ್ಲ ಬಿಡೋ, ಸೈಜ್ ಗೊತ್ತಾಯ್ತಲ್ಲ" ಅಂದ್ರು. ಅವರು ಬೈದಿದ್ರೇ ಚೆನ್ನಾಗಿರ್ತಿತ್ತು.

ಅದಕ್ಕೆ, ಟಿಕೆಟ್ ಮತ್ತು ರೈಲು ಬುಕ್ ಮಾಡೋ ಮುಂಚೆ ಮನೆಯಲ್ಲಿ ಪ್ರತಿಯೊಬ್ಬರನ್ನೂ "ಯಾವ ಒಂದು ಜಾಗ ನೋಡಲೇಬೇಕು?" ಅಂತ ಕೇಳಿ. ಅದರ ರಜದ ದಿನ ಬರೆದಿಟ್ಟು, ಅದರ ಸುತ್ತ ಊರುಗಳನ್ನ ಜೋಡಿಸಿ. ವ್ಯಾಟಿಕನ್ ಮ್ಯೂಸಿಯಂಗೆ ತಿಂಗಳ ಕೊನೇ ಭಾನುವಾರ ಬಿಟ್ಟು ಉಳಿದ ಭಾನುವಾರ ರಜ. ಬುಧವಾರ ಬೆಳಿಗ್ಗೆ ಪೋಪ್ ಸಾರ್ವಜನಿಕ ದರ್ಶನ ಕೊಡೋದ್ರಿಂದ ಸೇಂಟ್ ಪೀಟರ್ಸ್ ಹತ್ತಿರ ಜನಸಾಗರ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳು ಫ್ರೀ, ಅಂದ್ರೆ ಅವತ್ತು ರಶ್ಶೂ ಜಾಸ್ತಿ.

ಕೊಲೋಸಿಯಂ ಟಿಕೆಟ್ ಸುಮಾರು ಒಂದು ತಿಂಗಳು ಮುಂಚೆ ಬಿಡ್ತಾರೆ. ಅದರಲ್ಲಿ ಹೆಸರು ಇರುತ್ತೆ, ಪಾಸ್‌ಪೋರ್ಟ್ ತೋರಿಸ್ಬೇಕು. ಅಧಿಕೃತ ಸೈಟಲ್ಲೇ ತಗೊಳ್ಳಿ. 18 ವರ್ಷದ ಒಳಗಿನವರಿಗೆ ಯಾವ ದೇಶದವರಾದ್ರೂ ಸರ್ಕಾರಿ ಮ್ಯೂಸಿಯಂ ಫ್ರೀ, ಆದ್ರೆ ಕೊಲೋಸಿಯಂನಂಥ ಕಡೆ ಅವರ ಹೆಸರಲ್ಲೂ ಶೂನ್ಯ ಯೂರೋ ಟಿಕೆಟ್ ಬುಕ್ ಮಾಡ್ಬೇಕು. 18ರಿಂದ 25ರವರಿಗೆ ರಿಯಾಯಿತಿ ಇದೆ, ಆದ್ರೆ ಯುರೋಪಿಯನ್ ಯೂನಿಯನ್ ನಾಗರಿಕರಿಗೆ ಮಾತ್ರ. ನಮ್ಮ ಕಾಲೇಜ್ ಐಡಿ ಕಾರ್ಡ್‌ಗೆ ಅಲ್ಲಿ ಬೆಲೆ ಇಲ್ಲ. ಚರ್ಚುಗಳಿಗೆ ಹೋಗುವಾಗ ಭುಜ, ಮಂಡಿ ಮುಚ್ಚಿರಬೇಕು, ಹುಡುಗರ ಶಾರ್ಟ್ಸ್‌ಗೂ ಇದೇ ನಿಯಮ.

ರೈಲು ಮತ್ತು ದೋಣಿ

ಈ ಮೂರು ಊರಿಗೆ ಕಾರ್ ಬೇಡ. ಊರೊಳಗೆ ಎಷ್ಟೋ ರಸ್ತೆಗಳಿಗೆ ಪರ್ಮಿಟ್ ಇಲ್ಲದ ಗಾಡಿ ಬಂದ್ರೆ ಕ್ಯಾಮೆರಾ ಹಿಡಿದು ದಂಡ ಕಳಿಸುತ್ತೆ. ರೋಮ್‌ನ ಟೆರ್ಮಿನಿಯಿಂದ ಫ್ಲಾರೆನ್ಸ್‌ಗೆ ಹೈಸ್ಪೀಡ್ ರೈಲಲ್ಲಿ ಒಂದೂವರೆ ಗಂಟೆ, ಅಲ್ಲಿಂದ ವೆನಿಸ್‌ಗೆ ಎರಡೂಕಾಲು ಗಂಟೆ. ಮುಂಚೆ ತಗೊಂಡಷ್ಟೂ ಅಗ್ಗ. ಹೈಸ್ಪೀಡ್ ಟಿಕೆಟ್‌ನಲ್ಲಿ ಸೀಟ್ ನಂಬರ್ ಇರುತ್ತೆ. ಆದ್ರೆ ಲೋಕಲ್ ರೈಲಿನ ಪೇಪರ್ ಟಿಕೆಟ್ ಆದ್ರೆ ಹತ್ತೋ ಮುಂಚೆ ಪ್ಲಾಟ್‌ಫಾರ್ಮ್ ಹತ್ತಿರದ ಮೆಷಿನ್‌ಗೆ ತೂರಿಸಿ ಸೀಲ್ ಹಾಕಿಸ್ಬೇಕು. ಟಿಕೆಟ್ ಇದ್ರೂ ಸೀಲ್ ಇಲ್ಲ ಅಂದ್ರೆ ದಂಡ.

ವೆನಿಸ್‌ನಲ್ಲಿ 400ಕ್ಕೂ ಹೆಚ್ಚು ಸೇತುವೆ ಇದೆ, ಬಹುತೇಕ ಎಲ್ಲಕ್ಕೂ ಮೆಟ್ಟಿಲು. ದೊಡ್ಡ ಸೂಟ್‌ಕೇಸ್ ಇದ್ರೆ ಎತ್ತೋದು ನೀವೇ, ಯಾಕಂದ್ರೆ ಮನೇಲಿ ಜಿಮ್‌ಗೆ ಹೋಗೋನು ನೀವೊಬ್ಬರೇ. ಹಾಗಾಗಿ ದೋಣಿ ಸ್ಟಾಪ್ ಹತ್ತಿರವೇ ರೂಮ್ ಮಾಡಿ. ಅಲ್ಲಿನ ಸಿಟಿ ಬಸ್ ಅಂದ್ರೆ ವಪೊರೆತ್ತೊ ದೋಣಿ. 75 ನಿಮಿಷದ ಟಿಕೆಟ್ 9.50 ಯೂರೋ, ಜಾಸ್ತಿ ಓಡಾಡೋದಾದ್ರೆ ದಿನದ ಪಾಸ್ ವಾಸಿ. ವರ್ಷದ ಕೆಲವು ದಿನ, ರಾತ್ರಿ ತಂಗದೆ ಬಂದು ಹೋಗೋ ಪ್ರವಾಸಿಗರಿಂದ ಪ್ರವೇಶ ಶುಲ್ಕ ತಗೊಳ್ತಾರೆ. ಅಲ್ಲೇ ತಂಗೋರಿಗೆ ಆ ಶುಲ್ಕ ಇಲ್ಲ, ಆದ್ರೆ ವಿನಾಯಿತಿಗೆ ಆನ್‌ಲೈನ್ ನೋಂದಣಿ ಮಾಡ್ಕೊಬೇಕು.

ಊಟ

ನಮ್ಮದು ಸಸ್ಯಾಹಾರಿ ಮನೆ. ಪಿಜ್ಜಾ ಇದ್ಯಲ್ಲ ಅಂತ ಧೈರ್ಯವಾಗಿ ಹೋದ್ವಿ. ಆದ್ರೆ ಪಾರ್ಮೆಜಾನ್ ಚೀಸ್ ಮಾಡೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ. ಅಜ್ಜಿಯಂಥ ಕಟ್ಟುನಿಟ್ಟಿನವರಿಗೆ ಇದನ್ನ ಮೊದಲೇ ಹೇಳಿಬಿಡಿ. ಅವರಿಗೆ ಪಿಜ್ಜಾ ಮರಿನಾರಾ ಸರಿ: ಟೊಮೇಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ, ಅಷ್ಟೇ, ಚೀಸ್ ಇಲ್ಲ. "ಪೆಪೆರೋನಿ" ಅಂತ ನೋಡಿ ಹೆದರಬೇಡಿ, ಇಟಲಿಯಲ್ಲಿ ಅದು ದಪ್ಪ ಮೆಣಸಿನಕಾಯಿ. "ಸೆಂಜಾ ಕಾರ್ನೆ, ಸೆಂಜಾ ಪೆಶ್ಶೆ" ಅಂದ್ರೆ ಮಾಂಸ ಬೇಡ, ಮೀನು ಬೇಡ. "ಲಾತ್ತೆ" ಕೇಳಿದ್ರೆ ಬರೀ ಹಾಲು ಬರುತ್ತೆ. ಅಪ್ಪನಿಗೆ ಹಾಗೇ ಆಯ್ತು.

ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ತಗೊಂಡ್ರೆ ರಾತ್ರಿ ಅನ್ನ ಸಾರು ಮಾಡ್ಕೊಬಹುದು. ಇಂಡಕ್ಷನ್ ಒಲೆ ಇದ್ರೆ ನಮ್ಮ ಅಲ್ಯೂಮಿನಿಯಂ ಕುಕ್ಕರ್ ಬಿಸಿಯಾಗಲ್ಲ, ಕಾರಣ ನಿಮಗೆ ಹೇಳ್ಬೇಕಾಗಿಲ್ಲ. ಮನೆಯಿಂದ ಚಟ್ನಿಪುಡಿ, ಅವಲಕ್ಕಿ ತಗೊಂಡು ಹೋಗಿ. ಆದ್ರೆ ತುಪ್ಪ, ಪೇಡ, ಹಾಲಿನ ಯಾವ ಪದಾರ್ಥವನ್ನೂ ಯುರೋಪಿನೊಳಗೆ ಬಿಡಲ್ಲ. ಮಾವಿನಹಣ್ಣನ್ನೂ ಬಿಟ್ಟು ಹೋಗಿ.

ರೆಸ್ಟೋರೆಂಟ್ ಬಿಲ್ಲಲ್ಲಿ "ಕೊಪೆರ್ತೊ" ಅಂತ ತಲೆಗೆ ಇಷ್ಟು ಅಂತ ಸೇರಿಸಿರ್ತಾರೆ. ಮೋಸ ಅಲ್ಲ, ಕೂತಿದ್ದಕ್ಕೆ. ಕಾಫಿಯನ್ನ ಕೌಂಟರಲ್ಲಿ ನಿಂತು ಕುಡಿದ್ರೆ ಅಗ್ಗ, ನಮ್ಮ ದರ್ಶಿನಿ ಥರಾನೇ. ನೀರಿಗೆ ದುಡ್ಡು ಹಾಕ್ಬೇಡಿ. ರೋಮ್ ಬೀದಿಗಳಲ್ಲಿ ನಸೋನಿ ಅನ್ನೋ ಕುಡಿಯೋ ನೀರಿನ ನಲ್ಲಿಗಳು 2,000ಕ್ಕೂ ಹೆಚ್ಚಿವೆ, ಬಾಟಲಿ ಇಟ್ಕೊಂಡಿರಿ ಸಾಕು.

ದುಡ್ಡು, ಜೇಬು, ಪ್ಲಗ್

ಹೊರಡೋ ಮುಂಚೆ ಬ್ಯಾಂಕ್ ಆ್ಯಪಲ್ಲಿ ಇಂಟರ್‌ನ್ಯಾಷನಲ್ ಬಳಕೆ ಆನ್ ಮಾಡಿ. ಅಂಗಡಿ ಮೆಷಿನ್ "ರೂಪಾಯಿನಾ ಯೂರೋನಾ" ಅಂತ ಕೇಳಿದ್ರೆ ಯೂರೋ ಒತ್ತಿ. ರೂಪಾಯಿ ಒತ್ತಿದ್ರೆ ಅವರ ದರದಲ್ಲಿ ಲೆಕ್ಕ ಹಾಕ್ತಾರೆ, ನಮಗೇ ನಷ್ಟ. ಹೋಟೆಲಲ್ಲಿ ಪ್ರವಾಸಿ ತೆರಿಗೆ ಅಂತ ತಲೆಗೆ, ರಾತ್ರಿಗೆ ಇಷ್ಟು ಅಂತ ಬೇರೆ ಕೊಡ್ಬೇಕಾಗುತ್ತೆ. ಬಜೆಟ್‌ಗೆ ಸೇರಿಸಿ.

ಜೇಬುಗಳ್ಳರು ಹೆಚ್ಚು ಇರೋದು ಟೆರ್ಮಿನಿ ಸ್ಟೇಷನ್, ಮೆಟ್ರೋ, ವ್ಯಾಟಿಕನ್ ಕಡೆ ಹೋಗೋ 64ನೇ ನಂಬರ್ ಬಸ್‌ನಲ್ಲಿ. ಪಾಸ್‌ಪೋರ್ಟ್‌ಗಳನ್ನ ಒಬ್ಬರ ಬ್ಯಾಗಲ್ಲೇ ಇಡಬೇಡಿ. ಯಾರಾದ್ರೂ ಕೈಗೆ ದಾರ ಕಟ್ಟೋಕೆ ಬಂದ್ರೆ ಕೈ ಹಿಂದೆ ಎಳ್ಕೊಳ್ಳಿ. ತುರ್ತು ಸಂಖ್ಯೆ 112. ಔಷಧಿ ಅಂಗಡಿಗೆ ಹಸಿರು ಶಿಲುಬೆ ಗುರುತು, ಆದ್ರೂ ಹಿರಿಯರ ಮಾತ್ರೆ ಪೂರ್ತಿ ದಿನಕ್ಕೆ ಆಗುವಷ್ಟು ಡಾಕ್ಟರ್ ಚೀಟಿ ಸಮೇತ ತಗೊಂಡು ಹೋಗಿ. ವೋಲ್ಟೇಜ್ ನಮ್ಮ ಹಾಗೇ 230. ಎರಡು ಪಿನ್ ಚಾರ್ಜರ್ ಹೋಗುತ್ತೆ, ಮೂರು ಪಿನ್‌ಗೆ ಅಡಾಪ್ಟರ್ ಬೇಕು.

ಕೊನೇದಾಗಿ

ವೆನಿಸ್‌ನಲ್ಲಿ ನಾನು ಏನೂ ಪ್ಲ್ಯಾನ್ ಮಾಡ್ಲಿಲ್ಲ. ಸಂಜೆ ಸ್ಟೇಷನ್ ಮುಂದೆ 1ನೇ ನಂಬರ್ ದೋಣಿ ಹತ್ತಿದ್ವಿ. ಅದು ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ಪ್ರತಿ ಸ್ಟಾಪಲ್ಲೂ ನಿಂತು ನಿಧಾನವಾಗಿ ಹೋಗುತ್ತೆ. ಅಜ್ಜಿಗೆ ಮುಂದಿನ ಸೀಟ್ ಸಿಕ್ತು. "ಸಿಟಿ ಬಸ್ಸು ನೀರ ಮೇಲೆ ಹೋದಂಗಿದೆ ಕಣೋ" ಅಂತ ಕೊನೇ ಸ್ಟಾಪ್‌ವರೆಗೂ ಹೋಗಿ, ಅದೇ ದೋಣೀಲಿ ವಾಪಸ್ ಬಂದ್ರು. ಊರಲ್ಲಿ ಈಗಲೂ ಯಾರು ಕೇಳಿದ್ರೂ ಅವರು ಹೇಳೋದು ಆ ದೋಣಿ ಕಥೆನೇ, ಕೊಲೋಸಿಯಂ ಬಗ್ಗೆ ಒಂದು ಮಾತೂ ಬರಲ್ಲ.

ಅಮ್ಮನಿಗೆ ಮಾತ್ರ ಒಂದು ಡೇವಿಡ್ ಬಾಕಿ ಇದೆ. ನನ್ನ ಮೊದಲ ಸಂಬಳದಲ್ಲಿ ಕರ್ಕೊಂಡು ಹೋಗ್ತೀನಿ ಅಂದಿದ್ದೀನಿ. "ಸೋಮವಾರ ಬಿಟ್ಟು ಬುಕ್ ಮಾಡು" ಅಂದ್ರು.