ಗಡಿಯ ಮೇಲಿನ ಶಿವಾಲಯ

ಕಾಂಬೋಡಿಯಾ, ಥಾಯ್‌ಲೆಂಡ್ ದೇಶಗಳ ನಡುವಣ ಡಾಂಗ್ರೆಕ್ ಪರ್ವತದ ಕಡಿದಾದ ಅಂಚಿನಲ್ಲಿ ಪ್ರೇಹ್ ವಿಹಾರ್ ಎಂಬ ಪುರಾತನ ಶಿವಾಲಯವಿದೆ. ಇದರ ಬಹುಭಾಗವನ್ನು ಖ್ಮೇರ್ ಅರಸರು 11, 12ನೆಯ ಶತಮಾನಗಳಲ್ಲಿ ಕಟ್ಟಿಸಿದರು. ಜಲವಿಭಾಜಕ ರೇಖೆಯೇ ಗಡಿಯೆಂದು 1904ರ ಒಪ್ಪಂದವು ನಿಶ್ಚಯಿಸಿತು. ಆದರೆ 1907ರಲ್ಲಿ ಫ್ರೆಂಚರು ಸಿದ್ಧಪಡಿಸಿದ ನಕ್ಷೆಯು ದೇಗುಲವನ್ನು ಕಾಂಬೋಡಿಯಾದೊಳಗೆ ತೋರಿಸಿತು. ಸಯಾಮ್ ಬಹುಕಾಲ ಆಕ್ಷೇಪಿಸಲಿಲ್ಲ. ಆ ಮೌನವನ್ನು ಸಮ್ಮತಿಯೆಂದೆಣಿಸಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವು 1962ರಲ್ಲಿ ಕಾಂಬೋಡಿಯಾದ ಪರವಾಗಿ ತೀರ್ಪಿತ್ತಿತು. ಆದರೂ ದೇಗುಲದ ಸೋಪಾನಗಳು ಇಳಿಯುವುದು ಉತ್ತರಕ್ಕೆ, ಥಾಯ್ ನೆಲದ ಕಡೆಗೆ. 2008ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ವೈರವು ಮರುಕಳಿಸಿತು. 2011ರಲ್ಲಿಯೂ 2025ರಲ್ಲಿಯೂ ಗಡಿಯಲ್ಲಿ ಗುಂಡು ಹಾರಿ ಗ್ರಾಮಸ್ಥರು ಮನೆ ತೊರೆದರು. ಗಡಿನಾಡಿನಲ್ಲಿ ಬಾಳುವ ನಾವು ಮಕ್ಕಳಿಗೆ ಇಂತಹ ಕಟ್ಟಡಗಳ ವೈಭವವನ್ನು ಬೋಧಿಸುವಾಗ, ಅವುಗಳ ನೆರಳಿನಲ್ಲಿರುವ ಜನರ ಕಷ್ಟವನ್ನೂ ತಿಳಿಸತಕ್ಕದ್ದು.