ಪೇಪರ್ ಹಾಕುವ ಮುನ್ನ

'ರಾಜೀನಾಮೆ' ಎಂಬ ಪದವನ್ನು ಬಿಡಿಸಿ ನೋಡಿದರೆ ಅದರೊಳಗೆ ಜಗಳದ ಸುಳಿವೇ ಇಲ್ಲ. ಪಾರಸಿಯ ದಾರಿಯಲ್ಲಿ ನಮ್ಮಲ್ಲಿಗೆ ಬಂದ ಪದ ಅದು. ರಾಜೀ ಎಂದರೆ ಒಪ್ಪಿಗೆ, ನಾಮಾ ಎಂದರೆ ಪತ್ರ. ಉತ್ತರ ಭಾರತದಲ್ಲಿ ಇಂದಿಗೂ ರಾಜೀನಾಮಾ ಎಂದರೆ ವಾದಿ ಪ್ರತಿವಾದಿಗಳು ಸೇರಿ ಬರೆದುಕೊಡುವ ರಾಜಿ ಪತ್ರ. ಕೆಲಸ ಬಿಡುವುದಕ್ಕೆ ಅವರದು ಬೇರೆ ಪದ, ಇಸ್ತೀಫಾ. ಧಾರವಾಡ, ಬೆಳಗಾವಿಗಳು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಕಾಲದ ಕಂದಾಯ ದಫ್ತರದಲ್ಲಿ ಜಮೀನು ಬಿಟ್ಟುಕೊಡುವ ರೈತ ರಾಜೀನಾಮೆ ಬರೆಯುತ್ತಿದ್ದ, ಅದನ್ನು ಹಿಡಿಯುವವನು ಕಬೂಲಾಯತಿ ಬರೆಯುತ್ತಿದ್ದ. ಬಿಡುವವನದೊಂದು ಕಾಗದ, ಹಿಡಿಯುವವನದೊಂದು ಕಾಗದ. ಅಷ್ಟೇ ವ್ಯವಹಾರ.

ಈಗ ಬೆಂಗಳೂರಿನ ಯಾವುದೇ ಟೆಕ್ ಪಾರ್ಕಿನ ಎದುರಿನ ಚಹಾ ಅಂಗಡಿಯಲ್ಲಿ ನಿಂತು ಕೇಳಿ. "ಪೇಪರ್ ಹಾಕಿದೆ ಮಗಾ" ಎನ್ನುವವನು ಅತ್ತಿತ್ತ ನೋಡಿ ದನಿ ತಗ್ಗಿಸಿಯೇ ಹೇಳುತ್ತಾನೆ. ಸಂಬಳ ಕೊಟ್ಟ ಸಂಸ್ಥೆಯನ್ನು ಉಂಡ ಮನೆ ಎಂದು ತಿಳಿದು ಬೆಳೆದವರು ನಾವು. ಬಿಟ್ಟು ಹೊರಡುವುದು ಉಂಡ ಮನೆಗೆ ಎರಡು ಬಗೆದಂತೆ ಅನ್ನಿಸುತ್ತದೆ. ಕೆಲಸ ಬಿಡುವುದರ ಬಗ್ಗೆ ಹರಡಿರುವ ತಪ್ಪು ಕಲ್ಪನೆಗಳಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಈ ಅಳುಕಿನಿಂದ. ಕಾನೂನಿನ ಕಣ್ಣಿಗೆ ಮಾತ್ರ ನೌಕರಿ ಒಂದು ಕರಾರು. ಅದನ್ನು ಮುಗಿಸುವುದಕ್ಕೂ ಲೆಕ್ಕವಿದೆ, ಮತ್ತು ಆ ಲೆಕ್ಕ ಎರಡೂ ಕಡೆಯದು.

ನಂಬಿಕೆ: ಮೇಲಿನವರು ಒಪ್ಪದಿದ್ದರೆ ಕೆಲಸ ಬಿಡುವಂತಿಲ್ಲ

"ಮ್ಯಾನೇಜರ್ ಆಕ್ಸೆಪ್ಟ್ ಮಾಡ್ತಿಲ್ಲ" ಎಂಬ ಅಳಲು ಕೇಳದ ಕಚೇರಿಯಿಲ್ಲ. ಈ ಕಲ್ಪನೆಗೆ ನಮ್ಮ ರಾಜಕೀಯದ ಸುದ್ದಿಗಳೂ ಒಂದಿಷ್ಟು ನೀರೆರೆದಿವೆ ಎಂದು ನನ್ನ ಗುಮಾನಿ. 2019ರ ಜುಲೈನಲ್ಲಿ ಶಾಸಕರ ರಾಜೀನಾಮೆಗಳು ಸ್ಪೀಕರ್ ರಮೇಶ್ ಕುಮಾರ್ ಅವರ ಮೇಜಿನ ಮೇಲೆ ಕೂತದ್ದನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ಆದರೆ ಶಾಸಕರ ಕಥೆಯೇ ಬೇರೆ. ಅವರ ರಾಜೀನಾಮೆ ಸ್ವಇಚ್ಛೆಯದೇ, ನೈಜವೇ ಎಂದು ಸ್ಪೀಕರ್ ಮನವರಿಕೆ ಮಾಡಿಕೊಳ್ಳಬೇಕೆಂದು ಸಂವಿಧಾನದ 190ನೇ ವಿಧಿಯೇ ಹೇಳುತ್ತದೆ. ಸಾಫ್ಟ್‌ವೇರ್ ಎಂಜಿನಿಯರ್‌ಗಾಗಲಿ ಗಾರ್ಮೆಂಟ್ಸ್ ಸೂಪರ್‌ವೈಸರ್‌ಗಾಗಲಿ ಅಂಥ ವಿಧಿ ಯಾವುದೂ ಇಲ್ಲ.

ಖಾಸಗಿ ನೌಕರಿಯಲ್ಲಿ ನೇಮಕಾತಿ ಪತ್ರ ಏನು ಹೇಳುತ್ತದೆಯೋ ಅದೇ ಆಧಾರ. ಅದರಲ್ಲಿ ಬರೆದಷ್ಟು ನೋಟಿಸ್ ಕೊಟ್ಟು ಆ ಅವಧಿ ಮುಗಿಸಿದವರನ್ನು "ನಾನು ಒಪ್ಪಿಲ್ಲ" ಎಂದು ಕಟ್ಟಿಹಾಕಲು ಬರುವುದಿಲ್ಲ. ಮನಸ್ಸಿಲ್ಲದವನಿಂದ ಬಲವಂತವಾಗಿ ದುಡಿಸುವ ಆದೇಶವನ್ನು ನಮ್ಮ ಕೋರ್ಟುಗಳು ಕೊಡುವುದಿಲ್ಲ. ಸಂಸ್ಥೆ ಕೇಳಬಹುದಾದದ್ದು ಹೆಚ್ಚೆಂದರೆ ಹಣ. ಸರ್ಕಾರಿ ಕಚೇರಿ, ಬ್ಯಾಂಕುಗಳಂಥ ಕಡೆ ಮಾತ್ರ ಅಂಗೀಕಾರ ಬೇಕೆಂದು ಸೇವಾ ನಿಯಮದಲ್ಲೇ ಇರುತ್ತದೆ. ಇಲಾಖಾ ವಿಚಾರಣೆ ಬಾಕಿಯಿದ್ದರೆ ಅಲ್ಲಿ ರಾಜೀನಾಮೆ ತಡೆಹಿಡಿಯುವುದೂ ಉಂಟು.

ಹಾಗೆಂದು ನಾಳೆಯೇ ಲ್ಯಾಪ್‌ಟಾಪ್ ಇಟ್ಟು ಫೋನ್ ಆಫ್ ಮಾಡುವುದು ಜಾಣತನವಲ್ಲ. ಹಾಗೆ ಮಾಯವಾದವರ ಕಡತದಲ್ಲಿ 'ಅಬ್‌ಸ್ಕಾಂಡಿಂಗ್' ಎಂದು ಬೀಳುತ್ತದೆ, ಮುಂದಿನ ಕಂಪನಿಯ ಹಿನ್ನೆಲೆ ತಪಾಸಣೆಯಲ್ಲಿ ಅದೇ ಮೊದಲು ಕಣ್ಣಿಗೆ ಬೀಳುತ್ತದೆ. ಪೂರ್ತಿ ನೋಟಿಸ್ ಮಾಡಲಾಗದಿದ್ದರೆ ಉಳಿದ ದಿನಗಳ ಸಂಬಳ ಕಟ್ಟಿ ಬಿಡುಗಡೆ ಪಡೆಯುವ ಅವಕಾಶ ಪತ್ರದಲ್ಲಿದೆಯೇ ನೋಡಿ. ಆ ಹಣಕ್ಕೆ ಜಿಎಸ್‌ಟಿ ಹಾಕುವ ಹಾಗಿಲ್ಲವೆಂದು 2022ರ ಆಗಸ್ಟ್‌ನಲ್ಲಿ ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ ಸ್ಪಷ್ಟಪಡಿಸಿದೆ.

ನಂಬಿಕೆ: ಕೊಟ್ಟದ್ದು ಕೊಟ್ಟಾಯಿತು, ಹಿಂಪಡೆಯಲು ಬರುವುದಿಲ್ಲ

ಬಿಲ್ಲಿನಿಂದ ಬಿಟ್ಟ ಬಾಣಕ್ಕೆ ಹೋಲಿಸಿ ಹೆದರಿಸುವವರು ಬಹಳ. ಆದರೆ ಬಾಣ ಬಿಟ್ಟ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರೇ ಅದನ್ನು ವಾಪಸ್ ಪಡೆದದ್ದುಂಟು. 1977ರಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸತೀಶ್ ಚಂದ್ರ ಆಗಸ್ಟ್ 1ರಿಂದ ಹುದ್ದೆ ಬಿಡುವುದಾಗಿ ಮೇ ತಿಂಗಳಲ್ಲೇ ರಾಷ್ಟ್ರಪತಿಗೆ ಪತ್ರ ಬರೆದರು. ಜುಲೈನಲ್ಲಿ ಮನಸ್ಸು ಬದಲಿಸಿ ಇನ್ನೊಂದು ಪತ್ರ ಬರೆದರು. ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. ಮುಂದಿನ ತಾರೀಖಿನಿಂದ ಜಾರಿಗೆ ಬರುವ ರಾಜೀನಾಮೆಯನ್ನು, ಅಡ್ಡಿಪಡಿಸುವ ನಿಯಮವೊಂದು ಇಲ್ಲದಿದ್ದರೆ, ಆ ತಾರೀಖಿನ ಒಳಗೆ ಹಿಂಪಡೆಯಬಹುದು ಎಂದು 1978ರಲ್ಲಿ ತೀರ್ಪಾಯಿತು.

ನಮ್ಮ ಕರಾವಳಿಯ ಹಳಿಯಿಂದಲೂ ಒಂದು ಪ್ರಕರಣ ದೆಹಲಿಗೆ ಹೋಗಿದೆ. ಕೊಂಕಣ ರೈಲ್ವೆಯಲ್ಲಿ 23 ವರ್ಷ ದುಡಿದ ನೌಕರರೊಬ್ಬರು 2013ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟು, 2014ರ ಮೇ ತಿಂಗಳಲ್ಲಿ ಹಿಂಪಡೆದರು. ಆಗಲೇ ಅಂಗೀಕರಿಸಿದ್ದೇವೆ ಎಂದಿತು ಆಡಳಿತ. ಕಡತದೊಳಗೆ ಅಧಿಕಾರಿಗಳ ನಡುವೆ ಓಡಾಡಿದ ಟಿಪ್ಪಣಿ ಅಂಗೀಕಾರವಾಗುವುದಿಲ್ಲ, ನೌಕರನಿಗೆ ತಿಳಿಸಿರಬೇಕು ಎಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಗೆದ್ದದ್ದು ನಿಜ, ಆದರೆ ಹತ್ತು ವರ್ಷ ಹಿಡಿಯಿತು. 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಚಾರದಲ್ಲಿ ರಾಜೀನಾಮೆ ಕೊಟ್ಟ ರಾಮಕೃಷ್ಣ ಹೆಗಡೆ ಅವರಿಗೆ ಅದನ್ನು ಹಿಂಪಡೆಯಲು ಮೂರೇ ದಿನ ಸಾಕಾಗಿತ್ತು. ಮುಖ್ಯಮಂತ್ರಿಗಳ ಸೌಲಭ್ಯ ಗುಮಾಸ್ತರಿಗೆಲ್ಲಿ?

ಕೋಪದಲ್ಲಿ ರಾತ್ರಿ ಹನ್ನೊಂದಕ್ಕೆ ಬರೆದ ಮೇಲ್ ಅನ್ನು ಬೆಳಿಗ್ಗೆ ಕಾಫಿ ಕುಡಿದ ಮೇಲೆ ಕಳಿಸಿ. ಈ ಒಂದು ತಾಳ್ಮೆಯ ಮುಂದೆ ಮೇಲಿನ ತೀರ್ಪುಗಳೆಲ್ಲ ದುಬಾರಿ.

ನಂಬಿಕೆ: ಬಾಂಡ್ ಬರೀ ಬೆದರಿಕೆ, ಕೋರ್ಟಿನಲ್ಲಿ ನಿಲ್ಲುವುದಿಲ್ಲ

ಇದನ್ನು ಹೇಳುವವರು ಸಾಮಾನ್ಯವಾಗಿ ಕ್ಯಾಂಟೀನಿನ ವಕೀಲರು. ವಿಜಯಾ ಬ್ಯಾಂಕಿನ ಪ್ರಕರಣವನ್ನು ಅವರಿಗೆ ತೋರಿಸಬೇಕು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದ ಬ್ಯಾಂಕು ಅದು. ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತಿಗೆ ಸಹಿ ಹಾಕಿ 2007ರಲ್ಲಿ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೊರಟರು. ಆಕ್ಷೇಪಣೆಯೊಂದಿಗೇ ಹಣ ಕಟ್ಟಿ ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಸಾರ್ವಜನಿಕ ಬ್ಯಾಂಕು ಬೇಕಾದವರನ್ನು ಕರೆದು ಕೂರಿಸಿಕೊಳ್ಳುವಂತಿಲ್ಲ, ನಡುವೆ ಒಬ್ಬರು ಬಿಟ್ಟರೆ ಮತ್ತೆ ಜಾಹೀರಾತು, ಪರೀಕ್ಷೆ, ಸಂದರ್ಶನ ಎಲ್ಲ ನಡೆಸಬೇಕು. ಆ ದರ್ಜೆಯ ಅಧಿಕಾರಿಗೆ 2 ಲಕ್ಷ ಅತಿಯಾದ ಮೊತ್ತವೂ ಅಲ್ಲ ಎಂಬುದು ಕೋರ್ಟಿನ ವಾದಸರಣಿ.

ಹಾಗಾದರೆ ಬಾಂಡ್‌ನಲ್ಲಿ ಬರೆದ ಮೊತ್ತವನ್ನೆಲ್ಲ ಕಣ್ಣು ಮುಚ್ಚಿ ಕಟ್ಟಬೇಕೇ? ಅದೂ ಅಲ್ಲ. ಕರಾರಿನಲ್ಲಿ ಎಷ್ಟೇ ಬರೆದಿರಲಿ, ಆ ಮಿತಿಯೊಳಗೆ ನ್ಯಾಯವೆನಿಸುವಷ್ಟು ಪರಿಹಾರ ಮಾತ್ರ ಎನ್ನುತ್ತದೆ 1872ರ ಕರಾರು ಕಾಯ್ದೆಯ 74ನೇ ಕಲಂ. ಎರಡು ವಾರ ಹಳೆಯ ಪಿಪಿಟಿ ತೋರಿಸಿ ಅದನ್ನೇ ತರಬೇತಿ ಎಂದು ಕರೆದು ಐದು ಲಕ್ಷ ಕೇಳುವ ಸಂಸ್ಥೆ, ಆ ಐದು ಲಕ್ಷ ನ್ಯಾಯವಾದದ್ದು ಎಂದು ಕೋರ್ಟಿಗೆ ಒಪ್ಪಿಸಬೇಕಾಗುತ್ತದೆ.

ನಂಬಿಕೆ: ಪ್ರತಿಸ್ಪರ್ಧಿ ಕಂಪನಿಗೆ ಸೇರುವ ಹಾಗಿಲ್ಲ

ಕೆಲಸದಲ್ಲಿ ಇರುವಷ್ಟು ದಿನ ಈ ಕಟ್ಟುಪಾಡು ನಡೆಯುತ್ತದೆ. ಬಿಟ್ಟ ಮೇಲೆ ನಡೆಯುವುದಿಲ್ಲ. ಅದೇ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಒಬ್ಬನ ಕಸುಬಿಗೆ ತಡೆಯೊಡ್ಡುವ ಒಪ್ಪಂದ ಅಷ್ಟರ ಮಟ್ಟಿಗೆ ಅಸಿಂಧು. ಕ್ರಿಕೆಟಿಗ ಜಹೀರ್ ಖಾನ್ ಅವರನ್ನು, ಕರಾರಿನ ಅವಧಿ ಮುಗಿದ ಮೇಲೂ ಹಿಡಿದಿಡಲು ಹೊರಟ ಪ್ರಚಾರ ಸಂಸ್ಥೆಗೆ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. 2022ರಲ್ಲಿ ಇನ್ಫೋಸಿಸ್‌ನ ಇಂಥದೊಂದು ಷರತ್ತಿನ ಬಗ್ಗೆ ಪುಣೆಯ ಐಟಿ ನೌಕರರ ಸಂಘ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಾಗ ಈ 27ನೇ ಕಲಂ ಬೆಂಗಳೂರಿನ ಹುಡುಗರ ಬಾಯಲ್ಲೂ ಓಡಾಡಿತು.

ನಿಮ್ಮ ಕೈ ನಿಮ್ಮದು, ಅದು ಕಲಿತ ಕೆಲಸವೂ ನಿಮ್ಮದು. ಗ್ರಾಹಕರ ಪಟ್ಟಿ, ಕೋಡ್, ದರಪಟ್ಟಿ ನಿಮ್ಮದಲ್ಲ. ಕೊನೆಯ ವಾರದಲ್ಲಿ ಪೆನ್‌ಡ್ರೈವ್ ಚುಚ್ಚಿದವರಿಗೆ 27ನೇ ಕಲಂ ಆಸರೆಯಾಗದು.

ನಂಬಿಕೆ: ತಾವಾಗಿ ಬಿಟ್ಟವರಿಗೆ ಗ್ರಾಚ್ಯುಟಿ ಇಲ್ಲ, ಪಿಎಫ್ ಸತ್ತುಹೋಗುತ್ತದೆ

ಎರಡೂ ಸುಳ್ಳು. ಮೊದಲನೆಯದನ್ನು ಕೆಲವು ಮಾಲೀಕರೇ ಬೇಕೆಂದು ಹರಡುತ್ತಾರೆ. ಐದು ವರ್ಷ ಸತತ ಸೇವೆ ಮುಗಿಸಿದವರಿಗೆ ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ ಬರುತ್ತದೆ ಎಂದು 1972ರಿಂದಲೇ ಕಾನೂನಿದೆ. ಲೆಕ್ಕ ಸುಲಭ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ್ದು. 52,000 ರೂಪಾಯಿ ಇದ್ದರೆ ವರ್ಷಕ್ಕೆ 30,000. ಆರು ತಿಂಗಳು ಮೀರಿದ ತುಂಡು ಪೂರ್ತಿ ವರ್ಷವಾಗುವುದರಿಂದ ಏಳು ವರ್ಷ ಎಂಟು ತಿಂಗಳು ದುಡಿದವರಿಗೆ 2,40,000. ಮೂವತ್ತು ದಿನದಲ್ಲಿ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು 'ವೇತನ' ಎಂಬುದರ ವ್ಯಾಪ್ತಿಯನ್ನು ಹಿಗ್ಗಿಸಿವೆ. ನಿಗದಿತ ಅವಧಿಗೆ ನೇಮಕವಾದವರಿಗೆ ಐದರ ಬದಲು ಒಂದೇ ವರ್ಷ ಸಾಕು ಎಂದಿವೆ.

ಈ ಸಂಹಿತೆಗಳಲ್ಲೊಂದಾದ ವೇತನ ಸಂಹಿತೆಯಲ್ಲಿ ಇನ್ನೊಂದು ಸಾಲಿದೆ, ಎಚ್‌ಆರ್ ವಿಭಾಗಗಳಿಗೆ ಅಷ್ಟು ರುಚಿಸದ ಸಾಲು: ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. 'ಫುಲ್ ಅಂಡ್ ಫೈನಲ್' ಎಂದರೆ ನಲವತ್ತೈದು ದಿನ ಎಂಬ ಕಚೇರಿಯ ರೂಢಿ ಕಾನೂನಿನದಲ್ಲ.

ಇನ್ನು ಪಿಎಫ್. ಕೆಲಸ ಬಿಟ್ಟು ಮೂರು ವರ್ಷವಾದರೆ ಬಡ್ಡಿ ನಿಲ್ಲುತ್ತದೆ ಎಂಬುದು ಹಳೆಯ ನಿಯಮದ ನೆನಪು. 2016ರ ತಿದ್ದುಪಡಿಯ ಬಳಿಕ ನಡುವಯಸ್ಸಿನಲ್ಲಿ ಕೆಲಸ ಬಿಟ್ಟವರ ಖಾತೆಗೂ ಬಡ್ಡಿ ಬೀಳುತ್ತಲೇ ಇರುತ್ತದೆ. ಹಳೆಯ ಕಂಪನಿ ನಿರ್ಗಮನ ದಿನಾಂಕ ನಮೂದಿಸದೆ ಸತಾಯಿಸಿದರೆ, ಕೊನೆಯ ವಂತಿಗೆ ಬಿದ್ದ ಎರಡು ತಿಂಗಳ ನಂತರ ಆಧಾರ್ ಒಟಿಪಿ ಬಳಸಿ ನೀವೇ ನಮೂದಿಸಬಹುದು. ಹಣ ತೆಗೆಯುವುದಕ್ಕಿಂತ ಹೊಸ ಖಾತೆಗೆ ವರ್ಗಾಯಿಸುವುದು ಲೇಸು: ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆ ಹಾಗೆಯೇ ಕೂಡುತ್ತ ಹೋಗುತ್ತದೆ.

ನಂಬಿಕೆ: ಪತ್ರದಲ್ಲಿ ಕಾರಣ ಬರೆಯಲೇಬೇಕು

ಬೇಕಿಲ್ಲ. ಹುದ್ದೆ, ಪತ್ರದ ದಿನಾಂಕ, ನೋಟಿಸ್ ಪ್ರಕಾರ ಕೊನೆಯ ದಿನ, ಕೆಲಸ ಒಪ್ಪಿಸಿ ಹೋಗುತ್ತೇನೆ ಎಂಬ ಮಾತು, ರಿಲೀವಿಂಗ್ ಲೆಟರ್ ಕೊಡಿ ಎಂಬ ಕೋರಿಕೆ. ನಾಲ್ಕೈದು ಸಾಲು. ಮೂರು ಪುಟದ ದೂರು ಬರೆದರೆ ನಿಮ್ಮ ಮನಸ್ಸು ಹಗುರಾಗಬಹುದು, ಆದರೆ ಕಡತದಲ್ಲಿ ಉಳಿಯುವುದು ಅದೇ. ಬಾಯಿಮಾತಿನಲ್ಲಿ ಮೊದಲು ಮ್ಯಾನೇಜರಿಗೆ ಹೇಳಿ, ಅಂದೇ ಮೇಲ್ ಕಳಿಸಿ. ಸುದ್ದಿ ಪಕ್ಕದ ಮೇಜಿನಿಂದ ಅವರ ಕಿವಿಗೆ ಬೀಳಬಾರದು. ಹೊಸ ಕಚೇರಿಗೆ ಈ ವರ್ಷದ ಹಳೆಯ ಸಂಬಳದ ವಿವರ ಕೊಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ತೆರಿಗೆ ರಿಟರ್ನ್ ಸಲ್ಲಿಸುವ ಹೊತ್ತಿಗೆ ಬಾಕಿ ಮೊತ್ತ ನೋಡಿ ಬೆವರಬೇಕಾಗುತ್ತದೆ.

ನಂಬಿಕೆ: ರಾಜೀನಾಮೆಯೂ ಸ್ವಯಂ ನಿವೃತ್ತಿಯೂ ಒಂದೇ

ಖಾಸಗಿಯವರಿಗೆ ಈ ವ್ಯತ್ಯಾಸ ಬಾಧಿಸುವುದು ಕಡಿಮೆ. ಹಳೆಯ ಪಿಂಚಣಿ ವ್ಯವಸ್ಥೆಯಲ್ಲಿರುವ ಸರ್ಕಾರಿ ನೌಕರರಿಗೆ ಇದೇ ಎಲ್ಲಕ್ಕಿಂತ ದುಬಾರಿ ತಪ್ಪು. ಸ್ವಯಂ ನಿವೃತ್ತಿಗೆ ಮೂರು ತಿಂಗಳ ನೋಟಿಸ್ ಬೇಕು. ಅದಕ್ಕೆ ಕೇಂದ್ರದಲ್ಲಿ 20 ವರ್ಷ, ಕರ್ನಾಟಕದಲ್ಲಿ 15 ವರ್ಷದ ಅರ್ಹತಾ ಸೇವೆ ಆಗಿರಬೇಕು. ಹಾಗೆ ಹೋದವರಿಗೆ ಪಿಂಚಣಿ ಉಂಟು. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೇ ಅಳಿಸಿಹೋಗುತ್ತದೆ. ದೆಹಲಿಯ ವಿದ್ಯುತ್ ಸಂಸ್ಥೆಯ ನೌಕರರೊಬ್ಬರ ಪ್ರಕರಣದಲ್ಲಿ 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಇಪ್ಪತ್ತು ವರ್ಷ ದುಡಿದಿದ್ದರೂ ಪತ್ರ ರಾಜೀನಾಮೆಯದ್ದಾದ ಮೇಲೆ ಪಿಂಚಣಿ ಇಲ್ಲ ಎಂದಿತು. ಅನುಮತಿ ಪಡೆದು ಇನ್ನೊಂದು ಸರ್ಕಾರಿ ಹುದ್ದೆಗೆ ಹೋಗುವವರಿಗೆ ಮಾತ್ರ ಈ ನಷ್ಟ ತಟ್ಟುವುದಿಲ್ಲ. ರಾಜ್ಯ ಸೇವೆಗೆ 2006ರ ಏಪ್ರಿಲ್ 1ರ ನಂತರ ಸೇರಿದವರದು ಎನ್‌ಪಿಎಸ್, ಅವರ ಖಾತೆಯ ಲೆಕ್ಕ ಬೇರೆ.

ನಿಮ್ಮ ಮನೆಯಲ್ಲಿ ಹಳೆಯ ಪಿಂಚಣಿಗೆ ಸೇರಿದ ಮೇಷ್ಟ್ರೋ ಗುಮಾಸ್ತರೋ ಇದ್ದು, ಮೇಲಧಿಕಾರಿಯ ಕಾಟಕ್ಕೆ ಬೇಸತ್ತು ಕಾಗದ ಪೆನ್ನು ಹಿಡಿದಿದ್ದರೆ, ಸೇವಾ ಪುಸ್ತಕ ತೆಗೆಸಿ ವರ್ಷಗಳನ್ನು ಎಣಿಸುವ ತನಕ ಆ ಅರ್ಜಿಯಲ್ಲಿ 'ರಾಜೀನಾಮೆ' ಎಂಬ ಪದವನ್ನು ಬರೆಯಲು ಬಿಡಬೇಡಿ.