ಕಾದ ಇಂಜಿನೂ ತಿರುಗದ ಪಂಖವೂ

ಕೋಪರಿ ಸೇತುವೆಯ ಏರಿನಲ್ಲಿ ಒಂದು ಬೇಸಗೆಯ ಮಧ್ಯಾಹ್ನ ನಮ್ಮ ಹಳೆಯ ಮಾರುತಿ 800 ಹಬೆಯುಗುಳಿ ನಿಂತಿತು. ಹೊಟೇಲಿನ ತರಕಾರಿ ಹಿಂದಿನ ಆಸನದಲ್ಲೇ ಬಾಡಿತು. ಮೆಕ್ಯಾನಿಕರೊಬ್ಬರು ಉಷ್ಣತೆಯ ಸೆನ್ಸರನ್ನು ಬದಲಿಸಿ ಹಣ ಪಡೆದರು; ಮರುವಾರ ಅದೇ ಕಥೆ. ಕೆಟ್ಟಿದ್ದುದು ಪಂಖದ ಸ್ವಿಚ್ಚು! ಇಂತಹ ಕಾರುಗಳಲ್ಲೇ ಖಂಡಾಲಾ ಘಟ್ಟವನ್ನೇರಿ ಊರಿಗೆ ಹೊರಡುವ ಬಾಂಧವರಿರುವುದರಿಂದ ಇಷ್ಟನ್ನು ಬರೆಯುತ್ತಿದ್ದೇವೆ.

ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯಲ್ಲಿ ಈ ತಕರಾರಿರಲಿಲ್ಲ. ಇಂಜಿನಿನ ಬೆಲ್ಟೇ ಪಂಖವನ್ನು ತಿರುಗಿಸುತ್ತಿತ್ತು. 1983ರಲ್ಲಿ ಬಂದ ಮಾರುತಿಯಲ್ಲಿ ಇಂಜಿನು ಅಡ್ಡಲಾಗಿ ಕುಳಿತುದರಿಂದ ಪಂಖಕ್ಕೆ ವಿದ್ಯುತ್ತೇ ಗತಿಯಾಯಿತು.

ನೋಟಕ್ಕೆ ಎರಡೂ ಹಿತ್ತಾಳೆಯ ಬಿರಡೆಗಳೇ. ಸಾಮಾನ್ಯವಾಗಿ ಒಂಟಿ ತಂತಿಯದು ಮುಳ್ಳಿಗೆ ಸುದ್ದಿ ಮುಟ್ಟಿಸುವ ಸೆನ್ಸರು. ನೀರು ಕಾದಂತೆ ಅದರ ವಿದ್ಯುತ್ ತಡೆ ಇಳಿಯುತ್ತದೆ. ಎರಡು ತಂತಿಯದು ಸ್ವಿಚ್ಚು. ನೀರು ಸುಮಾರು 90–95 ಡಿಗ್ರಿಗೇರಿದಾಗಲೇ ಅದು ಪಂಖಕ್ಕೆ ವಿದ್ಯುತ್ ಹಾಯಿಸುವುದು. ಆದರೂ ಎಣಿಕೆಯನ್ನೇ ನಂಬದೆ, ತಂತಿ ಎಲ್ಲಿಗೆ ಹೋಗುತ್ತದೆಂದು ಹಿಡಿದು ನೋಡತಕ್ಕದ್ದು.

ಇಗ್ನಿಷನ್ ಹಾಕಿ, ಸ್ವಿಚ್ಚಿನಿಂದ ಕಳಚಿದ ಎರಡು ತಂತಿಗಳನ್ನು ಕ್ಷಣಕಾಲ ಕೂಡಿಸಿರಿ. ಪಂಖ ತಿರುಗಿತೇ? ಮೋಟಾರೂ ಫ್ಯೂಸೂ ಸರಿಯಿವೆ, ಸಂದೇಹ ಸ್ವಿಚ್ಚಿನ ಮೇಲೆ. ಕೈಗಳು ಪಂಖದಿಂದ ದೂರವಿರಲಿ. ಕಂಪ್ಯೂಟರಿರುವ ಈಚಿನ ಕಾರುಗಳಲ್ಲಿ ಎರಡು ತಂತಿಯ ಸೆನ್ಸರೂ ಉಂಟು. ಅಲ್ಲಿ ಈ ಪ್ರಯೋಗ ಬೇಡ.

ಕಾದ ರೇಡಿಯೇಟರಿನ ಮುಚ್ಚಳವನ್ನಂತೂ ತೆರೆಯಲೇಬಾರದು. ನಾವು ತೆರೆದೆವು, ಮುಂಗೈಯ ಕಲೆ ಇನ್ನೂ ಇದೆ.